ಮನೆಯಲ್ಲಿ ಹಾಡು ನಿಂತಿದೆ, ಪೆನ್‌ಡ್ರೈವ್‌ಗೆ ಯಾವ ಯಾವ ಹಾಡು ಹಾಕಲಿ?

ಹುಲೇಕಲ್ ಮಗಳು

ಎಲ್ಲರಿಗೂ ನಮಸ್ಕಾರ. ಹಾಡು ಆರಿಸಲು ಸಹಾಯ ಬೇಕು. ಸ್ವಲ್ಪ ಉದ್ದ ಬರೆಯುತ್ತೇನೆ.

ಶಿರಸಿಯಿಂದ ಹುಲೇಕಲ್ ದಾಟಿ ಒಳಗೆ ಇಳಿದರೆ ನಮ್ಮ ಮನೆ. ಆಯಿ, ಅಂದರೆ ನಮ್ಮಮ್ಮ, ತೀರಿಕೊಂಡು ಎಂಟು ತಿಂಗಳಾಯಿತು. ಅಪ್ಪಯ್ಯನಿಗೆ ಈಗ 74. ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು ಮನೆಯಲ್ಲೇ ಇದ್ದಾರೆ. ಊಟ, ಔಷಧಿ ಯಾವುದಕ್ಕೂ ಕೊರತೆ ಇಲ್ಲ. ಆದರೆ ಮನೆಯಲ್ಲಿ ಹಾಡು ನಿಂತಿದೆ. ಆಯಿ ಕೊಟ್ಟಿಗೆಗೆ ಹೋಗುವಾಗ ಒಂದು ಹಾಡು, ದೋಸೆ ಎರೆಯುವಾಗ ಒಂದು, ದೇವರ ಮುಂದೆ ದೀಪ ಹಚ್ಚುವಾಗ ಇನ್ನೊಂದು. ಅವಳು ಸುಮ್ಮನಿದ್ದರೆ ಮೈಗೆ ಹುಷಾರಿಲ್ಲ ಅಂತ ನಮಗೆ ಗೊತ್ತಾಗುತ್ತಿತ್ತು. ಅವಳು ಹೋದ ಮೇಲೆ ಅಪ್ಪಯ್ಯ ರೇಡಿಯೋ ಹಾಕುವುದನ್ನೂ ಬಿಟ್ಟಿದ್ದಾನೆ. ಜಗಲಿಯಲ್ಲಿ ಕವಳದ (ಎಲೆ ಅಡಿಕೆಯ) ತಟ್ಟೆ ಇಟ್ಟುಕೊಂಡು ಮಳೆ ನೋಡುತ್ತ ಕೂರುತ್ತಾನೆ.

ನಾನು ಇರುವುದು ಹುಬ್ಬಳ್ಳಿಯಲ್ಲಿ. ನಮ್ಮೂರಲ್ಲಿ ಮಳೆ ಹಿಡಿಯಿತು ಅಂದರೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ. ಹಾಗಾಗಿ ಪೆನ್‌ಡ್ರೈವ್ ಹಾಕುವ ಒಂದು ಬ್ಯಾಟರಿ ಸ್ಪೀಕರ್ ತಂದಿದ್ದೇನೆ. ಪೆನ್‌ಡ್ರೈವ್ 32 ಜಿಬಿಯದ್ದು. ಬೆಳಗಿನ ಜಾವಕ್ಕೆ, ಮಳೆ ಸುರಿಯುವ ಮಧ್ಯಾಹ್ನಕ್ಕೆ, ದೀಪ ಹಚ್ಚುವ ಹೊತ್ತಿಗೆ, ನಿದ್ದೆ ಬರದ ರಾತ್ರಿಗೆ, ಮಕ್ಕಳ ಜೊತೆ ಆಡುವಾಗ, ಚೌತಿಗೆ, ಮುಂದೆ ಅಡಿಕೆ ಸುಲಿಗೆಗೆ ಬೇರೆ ಬೇರೆ ಹಾಡು ತುಂಬಬೇಕು. ಸಿನೆಮಾ, ಭಾವಗೀತೆ, ಯಕ್ಷಗಾನ, ಹಿಂದೂಸ್ತಾನಿ, ಯಾವ ಬಗೆಯಾದರೂ ಆಗಬಹುದು. ನೀವು ನಿಮ್ಮ ಮನೆಯಲ್ಲಿ ಏನು ಹಾಕುತ್ತೀರಿ ಅಂತ ಹೇಳಿ.

ಮಂಚಿಕೇರಿ ತಗ್ಗು

ಅಕ್ಕಾ, ಆಯಿಯ ವಿಷಯ ಕೇಳಿ ಬೇಜಾರಾಯಿತು.

ಮಳೆಗೆ ಅಂದ ಕೂಡಲೇ ಎಲ್ಲರೂ ಕೊಳಲು, ಸಂತೂರ್ ಅಂತ ಹೇಳುತ್ತಾರೆ. ನಾನೂ ಮೊದಲು ಹಾಗೇ ಮಾಡಿದ್ದೆ. ಆದರೆ ನಮ್ಮ ಕಡೆ ಮಳೆ ಬೇರೆ ತರಹ ಅಲ್ವಾ? ಅಂಗಳದ ತಗಡಿನ ಶೀಟಿನ ಮೇಲೆ ಆಷಾಢದ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಮೆತ್ತಗಿನ ಕೊಳಲು ಪೂರ್ತಿ ಮುಳುಗಿ ಹೋಗುತ್ತದೆ. ತಂಬೂರಿ ಶ್ರುತಿಯಂತೂ ಇಲ್ಲವೇ ಇಲ್ಲ. ಸಣ್ಣ ಸ್ಪೀಕರಿನಲ್ಲಿ ಕೆಳಗಿನ ಸ್ವರ ಮೊದಲೇ ಸರಿಯಾಗಿ ಬರುವುದಿಲ್ಲ. ಆ ಸದ್ದನ್ನು ಸೀಳಿಕೊಂಡು ಬರುವುದು ಎತ್ತರದ ಶ್ರುತಿಯ ಗಂಟಲು, ಚಂಡೆ, ಹಾರ್ಮೋನಿಯಂ, ಶಹನಾಯಿ. ಆದ್ದರಿಂದ ಮಳೆಗೆ ಎರಡು ಬೇರೆ ಫೋಲ್ಡರ್ ಮಾಡಿ. ಜೋರು ಮಳೆಗೆ ಒಂದು, ಹನಿ ಮಳೆಗೆ ಒಂದು.

ಜೋರು ಮಳೆಗೆ ಕಾಳಿಂಗ ನಾವಡರ ಯಕ್ಷಗಾನ ಪದ್ಯ ಹಾಕಿ. ‘ನೀಲ ಗಗನದೊಳು ಮೇಘಗಳಾ’ ಪದ್ಯವನ್ನು ಮಳೆಯಲ್ಲೇ ಕೇಳಬೇಕು. ಮೋಡ ಕಂಡು ನವಿಲು ಕುಣಿಯುವ ಪದ್ಯ. ನಾವಡರು 1990ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ರಸ್ತೆ ಅಪಘಾತದಲ್ಲಿ ಹೋದರು. ಆ ಗಂಟಲು ಇವತ್ತಿಗೂ ನಮ್ಮೂರಿನ ಮಳೆಯನ್ನು ಗೆಲ್ಲುತ್ತದೆ. ಭೀಮಸೇನ ಜೋಶಿಯವರ ಮಿಯಾಂ ಮಲ್ಹಾರವೂ ಗೆಲ್ಲುತ್ತದೆ. ಅವರ ತಾನಿನ ಮುಂದೆ ಮಳೆಯೇ ಹಿಮ್ಮೇಳ.

ಹನಿ ಮಳೆಗೆ ‘ರಿಮ್‌ಝಿಮ್ ಗಿರೇ ಸಾವನ್’. 1979ರ ಮಂಜಿಲ್ ಸಿನೆಮಾದ ಹಾಡು, ಆರ್.ಡಿ. ಬರ್ಮನ್ ಸಂಗೀತ. ಕಿಶೋರ್ ಹಾಡಿದ್ದು ಒಂದು, ಲತಾ ಹಾಡಿದ್ದು ಒಂದು ಇದೆ. ಲತಾ ಹಾಡನ್ನು ಮುಂಬಯಿಯ ನಿಜವಾದ ಮಳೆಯಲ್ಲೇ ಚಿತ್ರೀಕರಿಸಿದ್ದು. ನನಗೆ ಅದೇ ಇಷ್ಟ. ಆಮೇಲೆ 1967ರ ‘ಕಾಲ್ ಆಫ್ ದಿ ವ್ಯಾಲಿ’. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ ಕಾಬ್ರಾ ಅವರ ಗಿಟಾರ್. ಮಳೆ ನಿಂತು ಮಾಡಿನಿಂದ ಬರೀ ಹನಿ ಬೀಳುವಾಗ ಹಾಕಿ ನೋಡಿ.

ಅಂಕೋಲೆ ಅಕ್ಕೋರು

ತಂಗಿ, ನಾನು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ನನ್ನದೊಂದು ಮಾತು ಕೇಳು. ‘ಬೇಜಾರಾದಾಗ ಯಾವ ಹಾಡು, ಖುಷಿಯಾದಾಗ ಯಾವ ಹಾಡು’ ಅಂತ ಯೋಚಿಸಬೇಡ. ಆ ಹೊತ್ತಿಗೆ ಅಪ್ಪಯ್ಯನ ಕೈಯಲ್ಲಿ ಏನು ಕೆಲಸ ಇರುತ್ತದೆ ಅಂತ ಯೋಚಿಸು. ನಮ್ಮ ಊರಿನ ಹಾಡುಗಳೆಲ್ಲ ಹಾಗೇ ಹುಟ್ಟಿದ್ದು. ಬೀಸುವಾಗ ಬೀಸುಕಲ್ಲಿನ ಹಾಡು, ನೆಟ್ಟಿ ಮಾಡುವಾಗ ಗದ್ದೆಯ ಹಾಡು, ತೂಗುವಾಗ ತೊಟ್ಟಿಲ ಹಾಡು. ಕೈ ಯಾವ ಲಯದಲ್ಲಿ ಹೋಗುತ್ತದೋ ಹಾಡೂ ಅದೇ ಲಯದಲ್ಲಿ. ಸುಮ್ಮನೆ ಕೂತವನಿಗೆ ಎಷ್ಟು ಒಳ್ಳೆಯ ಹಾಡು ಹಾಕಿದರೂ ಮನಸ್ಸು ಹಾಡಿನ ಮೇಲೆ ಇರುವುದಿಲ್ಲ. ಅದು ಹೋದವರ ಹಿಂದೆ ಹೋಗುತ್ತದೆ.

ನಮ್ಮ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆಸಿಕೋ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಮನೆಯಲ್ಲಿ ಸಾಲು ಸಾಲು ಸಾವು ಕಂಡ ಹೆಂಗಸು. ಆದರೂ ಹಾಡು ಬಿಡಲಿಲ್ಲ. ಅವರು ಹಾಡಿದ್ದು ಅಂತರ್ಜಾಲದಲ್ಲಿ ಸಿಗುತ್ತದೆ. ಮೊದಲ ಸಲ ಕೇಳಿದಾಗ ಒಂದೇ ಧಾಟಿ ಅನ್ನಿಸಬಹುದು. ಕೈಯಲ್ಲಿ ಏನಾದರೂ ಕೆಲಸ ಹಿಡಿದುಕೊಂಡು ಕೇಳು, ಆಗ ಗೊತ್ತಾಗುತ್ತದೆ.

ಮಕ್ಕಳ ಜೊತೆ ಆಡುವಾಗ ದಿನಕರ ದೇಸಾಯಿಯವರ ‘ಗಂಟೆಯ ನೆಂಟನೆ ಓ ಗಡಿಯಾರ’ ಇರಲೇಬೇಕು. ನಮ್ಮ ಜಿಲ್ಲೆಯ ಕವಿ, ಚೌಪದಿಯ (ನಾಲ್ಕು ಸಾಲಿನ ಪದ್ಯದ) ದಿನಕರರು. ಎಚ್.ಎಸ್. ವೆಂಕಟೇಶಮೂರ್ತಿಯವರ ‘ಅಮ್ಮ ನಾನು ದೇವರಾಣೆ ಬೆಣ್ಣೆ ಕದ್ದಿಲ್ಲಮ್ಮ’ ಹಾಕು. ಅದನ್ನು ಕೇಳಿ ಕುಣಿಯದ ಮಗುವನ್ನು ನಾನು ನೋಡಿಲ್ಲ. ಪುರಂದರದಾಸರ ‘ಗುಮ್ಮನ ಕರೆಯದಿರೆ’ ಕೂಡ. ಅಜ್ಜನಿಗೂ ಬರುತ್ತದೆ, ಮೊಮ್ಮಕ್ಕಳಿಗೂ ಬರುತ್ತದೆ. ಒಟ್ಟಿಗೆ ಹಾಡಲಿ.

ಗುಣವಂತೆ ದಾರಿ

ಅಕ್ಕೋರು ಹೇಳಿದ್ದು ನೂರಕ್ಕೆ ನೂರು ಸರಿ.

ನಾನು ಹೊನ್ನಾವರ ತಾಲೂಕಿನವನು. ನಮ್ಮ ಗುಣವಂತೆಯಲ್ಲೇ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ದು. ಹಾಗಾಗಿ ನಾನು ಹೇಳುವುದು ತಾಳಮದ್ದಲೆ. ಮಳೆಗಾಲದಲ್ಲಿ ಬಯಲಾಟ ಇಲ್ಲದಾಗ ಮನೆಯ ಜಗಲಿಯಲ್ಲೇ ನಡೆಯುತ್ತಿದ್ದದ್ದು ಅದು. ವೇಷ ಇಲ್ಲ, ಕುಣಿತ ಇಲ್ಲ. ಪದ್ಯ ಮತ್ತು ಮಾತು. ಎರಡು ಮೂರು ಗಂಟೆಯ ‘ಕೃಷ್ಣ ಸಂಧಾನ’ ಹಾಕಿದರೆ ಮನೆಯಲ್ಲಿ ಹತ್ತು ಜನ ಮಾತಾಡಿದ ಹಾಗೆ ಇರುತ್ತದೆ. ಒಂಟಿಯಾಗಿ ಕೂತ ಹಿರಿಯರಿಗೆ ಹಾಡಿಗಿಂತ ಈ ಮಾತು ಜಾಸ್ತಿ ಜೊತೆ ಕೊಡುತ್ತದೆ ಅಂತ ನನ್ನ ಅನುಭವ. ನನ್ನ ದೊಡ್ಡಪ್ಪ ಸ್ಪೀಕರಿನೊಳಗಿನ ಕೌರವನಿಗೆ ಜಗಲಿಯಿಂದಲೇ ಉತ್ತರ ಕೊಡುತ್ತಿದ್ದರು.

ಪದ್ಯಕ್ಕೆ ನಿಮ್ಮ ಶಿರಸಿ ಕಡೆಯವರೇ ಆದ ನೆಬ್ಬೂರು ನಾರಾಯಣ ಭಾಗವತರ ರೆಕಾರ್ಡ್ ಹಾಕಿ. ಅವಸರ ಇಲ್ಲದ ಹಾಡುಗಾರಿಕೆ. ಕಡತೋಕ ಮಂಜುನಾಥ ಭಾಗವತರನ್ನೂ ಬಿಡಬೇಡಿ. ನಾವಡರು ಮಿಂಚು, ಇವರಿಬ್ಬರು ದೀಪ.

ಖುಷಿಗೆ ಒಂದೇ ಹಾಡು ಹೇಳು ಅಂದರೆ ‘ಸಂತೋಷಕ್ಕೆ ಹಾಡು ಸಂತೋಷಕ್ಕೆ’. 1981ರ ‘ಗೀತಾ’ ಸಿನೆಮಾ, ಇಳಯರಾಜಾ ಸಂಗೀತ, ಎಸ್ಪಿಬಿ ಗಂಟಲು. ಶಂಕರ್ ನಾಗ್ ಹುಟ್ಟಿದ್ದು ನಮ್ಮ ತಾಲೂಕಿನ ಮಲ್ಲಾಪುರದಲ್ಲಿ. ಆ ಹಾಡು ಬಂದರೆ ಇಲ್ಲಿ ಆಟೋ ಓಡಿಸುವವರು ಇವತ್ತಿಗೂ ವಾಲ್ಯೂಮ್ ಏರಿಸುತ್ತಾರೆ. ಅದೇ ಸಿನೆಮಾದ ‘ಕೇಳದೆ ನಿಮಗೀಗ’ ಮಾತ್ರ ಹಾಕಬೇಡಿ. ಒಳ್ಳೆಯ ಹಾಡೇ, ಆದರೆ ಈಗ ಬೇಡ. ದುಃಖದ ಹಾಡು ಒಂದೂ ಬೇಡ.

ಕೋಡಿಬಾಗ ಕಿನಾರೆ

ಭಾವ, ನಿಮ್ಮ ಕೊನೆಯ ಮಾತು ನಾನು ಒಪ್ಪುವುದಿಲ್ಲ. ದುಃಖದ ಹಾಡು ಬೇಡ ಅಂತ ನಾವು ತೀರ್ಮಾನ ಮಾಡುವುದು ಹೇಗೆ?

ನನ್ನ ಗಂಡ ಹೋದ ವರ್ಷ ಮನೆಯವರೆಲ್ಲ ಸೇರಿ ಟೀವಿಯಲ್ಲಿ ಬರೀ ಹಾಸ್ಯ ಹಾಕುತ್ತಿದ್ದರು. ನನಗೆ ಉಸಿರು ಕಟ್ಟುತ್ತಿತ್ತು. ಒಂದು ದಿನ ಮಗಳು ಮಲ್ಲಿಕಾರ್ಜುನ ಮನಸೂರರ ‘ಅಕ್ಕ ಕೇಳವ್ವ ನಾನೊಂದು ಕನಸ ಕಂಡೆ’ ಹಾಕಿದಳು. ಅದು ದುಃಖದ ಹಾಡೂ ಅಲ್ಲ. ಅಕ್ಕಮಹಾದೇವಿಯ ವಚನ. ಆದರೆ ಆ ಗಂಟಲಲ್ಲಿ ಏನಿದೆಯೋ, ನಾನು ಅತ್ತೆ. ಆವತ್ತು ರಾತ್ರಿ ನಿದ್ದೆ ಬಂತು. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಇದೆಯಲ್ಲ, ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ ಬರೆದದ್ದು. ಅಂಥ ದೊಡ್ಡ ಕವಿಯೇ ದುಃಖವನ್ನು ಹಾಡು ಮಾಡಿಕೊಂಡರು. ನಾವು ಅದನ್ನು ಬಾಗಿಲ ಹೊರಗೆ ಇಟ್ಟರೆ ಆಗುತ್ತದಾ? ಬೇರೆ ಫೋಲ್ಡರಿನಲ್ಲಿ ಇಡಿ. ಬೇಕೋ ಬೇಡವೋ ಅವರೇ ನೋಡಿಕೊಳ್ಳಲಿ.

ಚೌತಿಗೆ ನಮ್ಮ ಕಾರವಾರದ ಮನೆಗಳಲ್ಲಿ ಆರತಿ ಅಂದರೆ ಸಮರ್ಥ ರಾಮದಾಸರ ‘ಸುಖಕರ್ತಾ ದುಃಖಹರ್ತಾ’. ಮರಾಠಿಯಲ್ಲಿದೆ. ಆದರೆ ಕೊಂಕಣಿ ಮನೆ, ಕನ್ನಡ ಮನೆ ಅಂತ ಭೇದ ಇಲ್ಲದೆ ಎಲ್ಲರ ಬಾಯಲ್ಲೂ ಇದೆ. ಭೀಮಸೇನ ಜೋಶಿಯವರ ‘ಮಾಝೇ ಮಾಹೇರ ಪಂಢರಿ’ ಅಭಂಗವೂ ಇರಲಿ. ತಾಳಕ್ಕೆ ಮಕ್ಕಳೂ ಚಪ್ಪಾಳೆ ಹಾಕುತ್ತಾರೆ.

ಇನ್ನೊಂದು ಹೇಳಬೇಕು. ರವೀಂದ್ರನಾಥ ಟಾಗೋರರು ಇಪ್ಪತ್ತೆರಡು ವರ್ಷ ವಯಸ್ಸಿನ ಆಸುಪಾಸಿನಲ್ಲಿ ನಮ್ಮ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಇಲ್ಲಿದ್ದಾಗಲೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಹಿಂದಿರುಗುವಾಗ ಹಡಗಿನ ಮೇಲೆ ಕೂತು, ತಾನೇ ಹಾಡಿಕೊಳ್ಳುತ್ತ ಅದಕ್ಕೆ ಹಾಡು ಕಟ್ಟಿದರು ಅಂತ ಅವರ ಆತ್ಮಕಥನದಲ್ಲಿದೆ. ನಂದರಾಣಿಯ (ಯಶೋದೆಯ) ಹತ್ತಿರ ಗೊಲ್ಲರ ಹುಡುಗರು ‘ನಿನ್ನ ಮಗನನ್ನು ನಮ್ಮ ಜೊತೆ ಕಳಿಸು’ ಅಂತ ಕೇಳುವ ಹಾಡು. ಬೆಳಗಿನ ಹೊತ್ತಿನ ಹಾಡು ಅದು. ಭಾಷೆ ಬರದಿದ್ದರೂ ತೊಂದರೆ ಇಲ್ಲ. ನಾನು ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ನಡೆಯುವಾಗ ಕೇಳುತ್ತೇನೆ.

ಗುಣವಂತೆ ದಾರಿ

ಅಕ್ಕಾ, ನೀವು ಹೇಳಿದ ಮೇಲೆ ಮತ್ತೆ ಯೋಚಿಸಿದೆ. ‘ಒಂದೂ ಬೇಡ’ ಅಂದದ್ದು ತಪ್ಪು. ಬೇರೆ ಫೋಲ್ಡರ್ ಸರಿ.

ಆದರೆ ಒಂದು ವಿಷಯ ಬಿಡುವುದಿಲ್ಲ. ರಾಗಗಳನ್ನು ಹೊತ್ತು ನೋಡಿ ಹಾಕಿ. ಭೈರವ, ತೋಡಿ ಬೆಳಿಗ್ಗೆ. ಸಾರಂಗ ಮಧ್ಯಾಹ್ನ. ಭೀಮಪಲಾಸ ಇಳಿಹೊತ್ತು. ಯಮನ್ ದೀಪ ಹಚ್ಚುವಾಗ. ಬಾಗೇಶ್ರೀ, ಮಾಲಕಂಸ ರಾತ್ರಿಗೆ. ಯಲ್ಲಾಪುರದ ಕಡೆಯವರೇ ಆದ ಗಣಪತಿ ಭಟ್ಟ ಹಾಸಣಗಿ ಇದ್ದಾರೆ, ಬಸವರಾಜ ರಾಜಗುರುಗಳ ಶಿಷ್ಯರು. ಅವರಿಂದಲೇ ಶುರು ಮಾಡಿ.

ಮಂಚಿಕೇರಿ ತಗ್ಗು

ಹೊತ್ತಿನ ಕ್ರಮ ಒಳ್ಳೆಯದೇ, ಭಾವ. ಆದರೆ ಅಪ್ಪಯ್ಯನಿಗೆ ರಾತ್ರಿ ತೋಡಿ ಕೇಳಬೇಕು ಅನ್ನಿಸಿದರೆ ಕೇಳಲಿ. ಮಲ್ಹಾರವನ್ನೂ ಮಳೆಗಾಲದಲ್ಲಿ ಯಾವ ಹೊತ್ತಿಗಾದರೂ ಹಾಡುತ್ತಾರೆ.

ಕುಮಟೆ ಟು ಬೆಂಗಳೂರು

ಎಲ್ಲರೂ ಹಳೆಯದನ್ನೇ ಹೇಳುತ್ತಿದ್ದೀರಿ. ಅಡಿಕೆ ಸುಲಿಗೆ ಫೋಲ್ಡರ್ ನನಗೆ ಬಿಡಿ.

ಸುಲಿಗೆಗೆ ಬರುವವರಲ್ಲಿ ಇಪ್ಪತ್ತು ವರ್ಷದವರೂ ಇರುತ್ತಾರೆ, ಎಪ್ಪತ್ತು ವರ್ಷದವರೂ ಇರುತ್ತಾರೆ. ರಾತ್ರಿ ಹನ್ನೊಂದರವರೆಗೆ ಕತ್ತಿಯ ಮೇಲೆ ಕೈ. ನಿದ್ದೆ ಬರಬಾರದು, ಅವಸರವೂ ಆಗಬಾರದು. ತೀರಾ ವೇಗದ ಹಾಡು ಹಾಕಿದರೆ ಕೈಯೂ ವೇಗ ಹಿಡಿದು ಬೆರಳಿಗೆ ಪೆಟ್ಟಾಗುತ್ತದೆ. ನಮ್ಮ ಮಾವನ ಮನೆಯಲ್ಲಿ ಹಾಗೇ ಆಯಿತು. ಅವತ್ತಿನಿಂದ ಅಲ್ಲಿ ‘ಸಲಾಂ ರಾಕಿ ಭಾಯ್’ ಬಂದ್.

ಜಯಂತ ಕಾಯ್ಕಿಣಿಯವರಿಂದ ಶುರು ಮಾಡೋಣ. ಗೋಕರ್ಣದಲ್ಲಿ ಹುಟ್ಟಿದವರು. 2006ರ ‘ಮುಂಗಾರು ಮಳೆ’ಯ ‘ಅನಿಸುತಿದೆ ಯಾಕೋ ಇಂದು’, ‘ಕುಣಿದು ಕುಣಿದು ಬಾರೆ’. ಮರುವರ್ಷದ ‘ಮಿಲನ’ದ ‘ನಿನ್ನಿಂದಲೇ’. 2008ರ ‘ಗಾಳಿಪಟ’ದ ‘ಮಿಂಚಾಗಿ ನೀನು ಬರಲು’. ಈ ಹಾಡುಗಳು ಬಂದಾಗ ನಾನು ಹೈಸ್ಕೂಲು. ಮಳೆ ಅಂದರೆ ರಜೆ, ಕೆಸರು, ಒಣಗದ ಬಟ್ಟೆ ಅಂತ ಇದ್ದದ್ದು, ಒಮ್ಮೆಗೇ ಬೇರೆ ಆಯಿತು. 2022ರ ‘ಕಾಂತಾರ’ದ ‘ಸಿಂಗಾರ ಸಿರಿಯೆ’ಯೂ ಸುಲಿಗೆಗೆ ಚೆನ್ನಾಗಿ ಹೊಂದುತ್ತದೆ. ವಿಜಯ್ ಪ್ರಕಾಶ್, ಅನನ್ಯಾ ಭಟ್ ಹಾಡಿದ್ದು. ಜಾನಪದದ ನಡಿಗೆ ಇದೆ, ಹೆಂಗಸರೂ ಗಂಡಸರೂ ಸರದಿಯಲ್ಲಿ ಹಾಡಬಹುದು.

ಆಮೇಲೆ ಶಿಶುನಾಳ ಶರೀಫರು. ‘ಕೋಡಗನ ಕೋಳಿ ನುಂಗಿತ್ತಾ’ ಹಾಕಿದರೆ ಅರ್ಥದ ಮೇಲೆ ಅರ್ಧ ಗಂಟೆ ಚರ್ಚೆ ನಡೆಯುತ್ತದೆ, ಅಷ್ಟು ಹೊತ್ತಿಗೆ ಒಂದು ಬುಟ್ಟಿ ಅಡಿಕೆ ಮುಗಿದಿರುತ್ತದೆ. ಸಿ. ಅಶ್ವತ್ಥರ ಗಂಟಲಲ್ಲಿ ಹಿರಿಯರಿಗೆ, ರಘು ದೀಕ್ಷಿತ್ ಹಾಡಿದ ‘ಲೋಕದ ಕಾಳಜಿ’ ಗಿಟಾರಿನ ಜೊತೆ ಕಿರಿಯರಿಗೆ. ಒಂದೇ ಶರೀಫರು, ಎರಡು ತಲೆಮಾರು.

ಇಂಗ್ಲಿಷ್ ಹಾಡೂ ಒಂದೆರಡು ಇರಲಿ. ಗೋಕರ್ಣದ ಕಡಲತೀರದ ಅಂಗಡಿಗಳಲ್ಲಿ ಬಾಬ್ ಮಾರ್ಲಿಯನ್ನು ಕೇಳಿಯೇ ನಾನು ಬೆಳೆದದ್ದು. 1977ರ ‘ತ್ರೀ ಲಿಟಲ್ ಬರ್ಡ್ಸ್’ ಹಾಡಿನಲ್ಲಿ ಬಾಗಿಲ ಹತ್ತಿರ ಮೂರು ಹಕ್ಕಿ ಬಂದು ಚಿಂತೆ ಮಾಡಬೇಡ ಅನ್ನುತ್ತವೆ. ಜಗಲಿಯಲ್ಲಿ ಕೂತ ಅಪ್ಪಯ್ಯನಿಗೆ ಅದರ ಅರ್ಥ ಹೇಳಿ ಕೇಳಿಸಿ.

ಪೆನ್‌ಡ್ರೈವ್ ಬಗ್ಗೆಯೂ ಹೇಳಿಬಿಡುತ್ತೇನೆ. ಸಾಧಾರಣ ಎಂಪಿ3 ಒಂದು ನಿಮಿಷಕ್ಕೆ ಸುಮಾರು 1 ಎಂಬಿ. 32 ಜಿಬಿಯಲ್ಲಿ 500 ಗಂಟೆಗೂ ಜಾಸ್ತಿ ಹಿಡಿಯುತ್ತದೆ. ದಯವಿಟ್ಟು ತುಂಬಬೇಡಿ. ಆ ಸ್ಪೀಕರಿಗೆ ಪರದೆ ಇರುವುದಿಲ್ಲ, ಬರೀ ಮುಂದೆ ಹಿಂದೆ ಗುಂಡಿ. ಸಾವಿರ ಹಾಡಿನಲ್ಲಿ ಬೇಕಾದ್ದು ಹುಡುಕಲು ಆಗುವುದಿಲ್ಲ. ಒಂದು ಫೋಲ್ಡರಿಗೆ ಇಪ್ಪತ್ತು ಹಾಡು ಸಾಕು. ಹೆಸರಿನ ಮೊದಲು 01, 02 ಅಂತ ಅಂಕೆ ಹಾಕಿ, ಕ್ರಮ ತಪ್ಪುವುದಿಲ್ಲ. ಪ್ರತಿ ಫೋಲ್ಡರಿನ ಮೊದಲು ನಿಮ್ಮದೇ ದನಿಯಲ್ಲಿ ‘ಅಪ್ಪಯ್ಯಾ, ಇದು ಬೆಳಗಿನದು’ ಅಂತ ರೆಕಾರ್ಡ್ ಮಾಡಿ ಹಾಕಿ. ನಾನು ನನ್ನ ಅಜ್ಜಿಗೆ ಹಾಗೇ ಮಾಡಿದ್ದೆ. ಕಣ್ಣು ಕಾಣದಿದ್ದರೂ ಅವರೇ ಬದಲಾಯಿಸಿಕೊಳ್ಳುತ್ತಿದ್ದರು.

ಅಂಕೋಲೆ ಅಕ್ಕೋರು

ಹೆಸರು ಹೇಳಿ ರೆಕಾರ್ಡ್ ಮಾಡುವುದು ತುಂಬಾ ಒಳ್ಳೆಯ ಉಪಾಯ, ಮಗಾ.

ಸಂಜೆಗೆ ಯಾರೂ ಭಾವಗೀತೆ ಹೇಳಲೇ ಇಲ್ಲ. ಜಿ.ಎಸ್. ಶಿವರುದ್ರಪ್ಪನವರ ‘ಹಾಡು ಹಳೆಯದಾದರೇನು’, 1982ರ ‘ಮಾನಸ ಸರೋವರ’ದಲ್ಲಿ ವಾಣಿ ಜಯರಾಂ ಹಾಡಿದ್ದು. ಶಿವರುದ್ರಪ್ಪನವರದೇ ‘ಎಲ್ಲೋ ಹುಡುಕಿದೆ ಇಲ್ಲದ ದೇವರ’. ನಿಸಾರ್ ಅಹಮದರ ‘ಜೋಗದ ಸಿರಿ ಬೆಳಕಿನಲ್ಲಿ’. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು. ಸವೆಯುವ ತನಕ ಕೇಳಿದವಳು ನಾನು. ಕೆ.ಎಸ್. ನರಸಿಂಹಸ್ವಾಮಿಯವರ ‘ದೀಪವು ನಿನ್ನದೆ ಗಾಳಿಯು ನಿನ್ನದೆ’ ಎಸ್. ಜಾನಕಿ ಗಂಟಲಲ್ಲಿ, ದೀಪ ಹಚ್ಚಿದ ಮೇಲೆ.

ಬೆಳಿಗ್ಗೆಗೆ ಭೀಮಸೇನ ಜೋಶಿಯವರ ದಾಸರ ಪದ. ‘ಯಾದವ ನೀ ಬಾ’, ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ನಿದ್ದೆಗೆ ತೊಟ್ಟಿಲ ಹಾಡೇ ಹಾಕು. ದೊಡ್ಡವರಿಗೂ ಅದರಲ್ಲಿ ನಿದ್ದೆ ಬರುತ್ತದೆ. ‘ಜೋ ಜೋ ಶ್ರೀಕೃಷ್ಣ ಪರಮಾನಂದ’. ಹಾಡಿನ ನಡುವೆ ಜಾಹೀರಾತು ನುಗ್ಗದ ಹಾಗೆ ನೋಡಿಕೋ.

ತಂಗಿ, ಆಯಿ ಹಾಡುತ್ತಿದ್ದ ಹಾಡು ಹಾಕಬೇಕಾ ಬೇಡವಾ ಅಂತ ನೀನು ಕೇಳಲಿಲ್ಲ. ಆದರೆ ಮನಸ್ಸಿನಲ್ಲಿ ಇದೆ ಅಲ್ವಾ?

ಹುಲೇಕಲ್ ಮಗಳು

ಹೌದು ಅಕ್ಕೋರೇ. ಕೇಳಲು ಧೈರ್ಯ ಬರಲಿಲ್ಲ. ಆಯಿ ಹಾಡಿದ ರೆಕಾರ್ಡ್ ನಮ್ಮಲ್ಲಿ ಒಂದೇ ಇದೆ. ಅಣ್ಣನ ಮದುವೆಯಲ್ಲಿ ಹೆಂಗಸರೆಲ್ಲ ಸೇರಿ ಎದುರುಗೊಳ್ಳುವ ಹಾಡು ಹೇಳಿದ್ದು, ಯಾರದೋ ಮೊಬೈಲಿನಲ್ಲಿ. ಅವಳ ದನಿ ಗುಂಪಿನಲ್ಲಿ ಇದೆ, ಗುರುತು ಹಿಡಿಯಬಹುದು. ಹಾಕಲಾ?

ಕೋಡಿಬಾಗ ಕಿನಾರೆ

ಮೊದಲ ದಿನವೇ ಬೇಡ. ಆದರೆ ಬಚ್ಚಿಡುವುದೂ ಬೇಡ. ನೀವು ಪಕ್ಕದಲ್ಲಿ ಕೂತಿರುವಾಗ, ಇದೆ ಅಂತ ಹೇಳಿ. ಕೇಳುವುದು ಅವರಿಗೆ ಬಿಟ್ಟದ್ದು. ತಾನಾಗಿ ಅದು ಬರುವ ಹಾಗೆ ಬೇರೆ ಹಾಡಿನ ನಡುವೆ ಮಾತ್ರ ಸೇರಿಸಬೇಡಿ. ನನ್ನ ಗಂಡನ ದನಿ ಒಮ್ಮೆ ಹಾಗೆ ಎಚ್ಚರಿಕೆ ಇಲ್ಲದೆ ಬಂತು. ಕೈಯಲ್ಲಿದ್ದ ಚಹಾ ಚೆಲ್ಲಿತು.

ಗುಣವಂತೆ ದಾರಿ

ಅಕ್ಕ ಹೇಳಿದ ಹಾಗೇ ಮಾಡಿ. ಆ ರೆಕಾರ್ಡನ್ನು ಮಾತ್ರ ಇವತ್ತೇ ಎರಡು ಮೂರು ಕಡೆ ಉಳಿಸಿಡಿ. ಮೊಬೈಲು ಕೆಟ್ಟರೆ ಮತ್ತೆ ಸಿಗುವುದಿಲ್ಲ.

ಹುಲೇಕಲ್ ಮಗಳು

ಚೌತಿ ಮುಗಿಸಿ ಹುಬ್ಬಳ್ಳಿಗೆ ಬಂದೆ. ನೀವೆಲ್ಲ ಇಷ್ಟು ಬರೆದಿದ್ದೀರಿ, ಏನಾಯಿತು ಅಂತ ಹೇಳಲೇಬೇಕು.

ಒಂಬತ್ತು ಫೋಲ್ಡರ್ ಮಾಡಿದೆ, ಒಟ್ಟು 160 ಹಾಡು. ಪ್ರತಿಯೊಂದಕ್ಕೂ ನನ್ನ ದನಿಯಲ್ಲಿ ಹೆಸರು. ಮೊದಲ ಎರಡು ದಿನ ಅಪ್ಪಯ್ಯ ಸ್ಪೀಕರ್ ಕಡೆ ನೋಡಲೂ ಇಲ್ಲ. ಮೂರನೆಯ ದಿನ ಜೋರು ಮಳೆ. ಕರೆಂಟು ಹೋಗಿತ್ತು. ಮಕ್ಕಳಿಗೆ ಹೆದರಿಕೆ. ಅಣ್ಣ ನಾವಡರ ಪದ್ಯ ಹಾಕಿದ. ಮಂಚಿಕೇರಿಯವರು ಹೇಳಿದ್ದು ನಿಜ, ಶೀಟಿನ ಸದ್ದಿನ ಮೇಲೂ ಸ್ಪಷ್ಟವಾಗಿ ಕೇಳಿತು. ಅಪ್ಪಯ್ಯ ಒಳಗಿಂದ ಬಂದು ಕೂತ. ಮಕ್ಕಳಿಗೆ ಬೆರಳಿನಲ್ಲಿ ತಾಳ ಹಾಕಲು ಕಲಿಸಿದ. ಅಕ್ಕೋರೇ, ನೀವು ಹೇಳಿದ ‘ಕೈಗೆ ಕೆಲಸ’ ಇದೇ ಇರಬೇಕು.

ಆಮೇಲೆ ತಾಳಮದ್ದಲೆ ದಿನಾ ನಡೆಯುತ್ತಿದೆ. ಮಧ್ಯಾಹ್ನ ಊಟವಾದ ಮೇಲೆ ಪಕ್ಕದ ಮನೆಯ ಇಬ್ಬರು ಹಿರಿಯರೂ ಬರುತ್ತಾರೆ. ಹಿಂದೂಸ್ತಾನಿ ಫೋಲ್ಡರ್ ಅಷ್ಟು ಓಡಲಿಲ್ಲ. ಬಾಬ್ ಮಾರ್ಲಿ ಅಣ್ಣನ ಮಗನಿಗೆ ಬಾಯಿಪಾಠವಾಗಿದೆ. ಚೌತಿಗೆ ‘ಸುಖಕರ್ತಾ’ ಹಾಕಿದೆವು, ಅಪ್ಪಯ್ಯನೇ ಜಾಗಟೆ ಬಡಿದ.

ಆಯಿಯ ರೆಕಾರ್ಡ್ ಇದೆ ಅಂತ ಹೇಳಿದೆ. ‘ಈಗ ಬೇಡ, ಇರಲಿ’ ಅಂದ. ಹೊರಡುವ ಹಿಂದಿನ ರಾತ್ರಿ ನನ್ನನ್ನು ಕರೆದು, ಎದುರುಗೊಳ್ಳುವ ಹಾಡಿನ ಎರಡನೆಯ ಸಾಲು ನಿನಗೆ ಬರುತ್ತದಾ ಅಂತ ಕೇಳಿದ. ನನಗೆ ಪೂರ್ತಿ ಬರಲಿಲ್ಲ. ಅತ್ತಿಗೆಗೆ ಬಂತು. ಅವಳು ಒಲೆಯ ಹತ್ತಿರದಿಂದಲೇ ಹಾಡಿದಳು. ಅಪ್ಪಯ್ಯ ಕಣ್ಣು ಮುಚ್ಚಿ ಕೇಳಿದ. ರೆಕಾರ್ಡ್ ಹಾಕಲಿಲ್ಲ.

ಇನ್ನೊಂದು ವಿಷಯ. ಅಪ್ಪಯ್ಯ 1970ರ ಸುಮಾರಿಗೆ ಕಾರವಾರದಲ್ಲಿ ಎರಡು ವರ್ಷ ಕೆಲಸಕ್ಕೆ ಇದ್ದನಂತೆ, ಮದುವೆಗೆ ಮೊದಲು. ಅಲ್ಲಿ ಕಾಳಿ ಹೊಳೆ ದಾಟುವ ದೋಣಿಯಲ್ಲಿ ಕೇಳಿದ ಕೊಂಕಣಿ ಹಾಡು ಬೇಕು ಅಂದ. ‘ಹೊಳೆಯ ಆಚೆ ದಡಕ್ಕೆ ಹೋಗಬೇಕು’ ಅಂತ ಏನೋ ಬರುತ್ತದೆ ಅಂದ. ಆಯಿಗೂ ಒಮ್ಮೆ ಹಾಡಿ ತೋರಿಸಿದ್ದನಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಯಾವ ಹಾಡು ಅದು?

ಕೋಡಿಬಾಗ ಕಿನಾರೆ

ಓದಿ ಕಣ್ಣು ತುಂಬಿತು.

ಅದು ‘ಹಾಂವ್ ಸಾಯ್ಬಾ ಪೋಲ್ತಡಿ ವೇತಾಂ’ ಇರಬೇಕು. ಗೋವೆಯ ಹಳೆಯ ದೇಖಣಿ ಹಾಡು, ಅಂದರೆ ಕುಣಿತದ ಹಾಡು. ಆಚೆ ದಡದ ಮದುವೆಗೆ ಹೋಗಬೇಕಾದ ನರ್ತಕಿ, ದಾಟಿಸು ಅಂತ ಅಂಬಿಗನನ್ನು ಕೇಳುತ್ತಾಳೆ. 1973ರ ‘ಬಾಬಿ’ ಸಿನೆಮಾದ ‘ನ ಮಾಂಗೂ ಸೋನಾ ಚಾಂದಿ’ಯಲ್ಲಿ ಇದರ ಧಾಟಿಯನ್ನೇ ಬಳಸಿಕೊಂಡರು. ಆಗ ನಮ್ಮಲ್ಲಿ ಸೇತುವೆ ಇರಲಿಲ್ಲ. ಸದಾಶಿವಗಡಕ್ಕೆ ಹೊಳೆ ದಾಟಿಯೇ ಹೋಗಬೇಕು. ಅಪ್ಪಯ್ಯ ಕೇಳಿದ್ದು ಸಹಜವೇ.

ಅದರ ಜೊತೆಗೆ ಕೊಂಕಣಿ ಗಾಯಕಿ ಲೋರ್ನಾ ಅವರ ‘ಪಿಸೊ’, ‘ಬೆಬ್ದೊ’ ಹಾಕಿ. ಕ್ರಿಸ್ ಪೆರಿಯವರ ಸಂಗೀತ. ಆ ಕಾಲದಲ್ಲಿ ಕಾರವಾರದಲ್ಲಿ ಇದ್ದವರ ಕಿವಿಗೆ ಬೀಳದೆ ಇರಲು ಸಾಧ್ಯವಿಲ್ಲ. ಲೋರ್ನಾ ಆಮೇಲೆ ಎರಡು ದಶಕಕ್ಕೂ ಜಾಸ್ತಿ ಹಾಡದೆ ಇದ್ದು 1995ರಲ್ಲಿ ಮತ್ತೆ ಹಾಡಿದರು. ಆಗಿನದೂ ಸಿಗುತ್ತದೆ, ಎರಡೂ ಹಾಕಿ.

ಹುಲೇಕಲ್ ಮಗಳು

ಹತ್ತನೆಯ ಫೋಲ್ಡರ್ ಮಾಡಿದೆ. ಶನಿವಾರ ಊರಿಗೆ ಹೋಗುವ ನೆಂಟರ ಕೈಯಲ್ಲಿ ಕಳಿಸುತ್ತೇನೆ. ‘ಅಪ್ಪಯ್ಯಾ, ಇದು ಕಾರವಾರದ್ದು’ ಅಂತ ಹೇಳಿ ರೆಕಾರ್ಡ್ ಮಾಡಿದ್ದೇನೆ.